ನಿನಗೆ ಸಿಗದ ಮಾತ್ರೆ

ನನ್ನ ಗಿರಿಜಕ್ಕಾ,

ಜಗಳೂರಿನ ನಿನ್ನ ಮನೆಯ ನಡುಮನೆಯಲ್ಲಿ, ಗೋಡೆಗೆ ಒರಗಿ ಕೂತು ಉಸಿರಿಗಾಗಿ ಒದ್ದಾಡುತ್ತಿದ್ದೆಯಲ್ಲ, ಅದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ತುಂಬಿದ ಬಸುರಿ ನೀನು. ನಾನು ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಪಕ್ಕೆಗೆ ಶಾಖ ಕೊಡುತ್ತಿದ್ದೆ. "ಮಾತಾಡಿಸಬ್ಯಾಡ ಕಣೆ, ಉಸಿರು ಸಾಲ್ತಿಲ್ಲ" ಎಂದೆ ನೀನು. ನೋಡಲು ಬಂದ ಡಾಕ್ಟರು ಭಾವನನ್ನು ಹೊರಗೆ ಕರೆದು, "ನ್ಯುಮೋನಿಯಾ. ಇದಕ್ಕೆ ಔಷಧಿ ಅಂತ ಇಲ್ಲಪ್ಪ, ಜ್ವರ ತಾನಾಗೇ ಇಳೀಬೇಕು" ಎಂದರು. ಇಳಿಯಲಿಲ್ಲ. ನಿನ್ನ ಜೊತೆಗೆ ಒಳಗಿದ್ದ ಕೂಸೂ...

ಆಮೇಲೆ ನನ್ನನ್ನು ಚನ್ನಗಿರಿಗೆ ಕೊಟ್ಟರು. ಯುದ್ಧ ಶುರುವಾಗಿ ಸೀಮೆಎಣ್ಣೆಗೂ ಕಷ್ಟವಾಗಿದ್ದ ಕಾಲ. ಮೊದಲ ಬಸುರಿನಲ್ಲಿ, ಹೊಟ್ಟೆಯ ಕೂಸು ಆಗತಾನೆ ಹೊರಳಾಡಲು ಶುರುಮಾಡಿದ್ದಾಗ, ನನಗೂ ಚಳಿ ಹತ್ತಿತು. ಎರಡು ದಿನದಲ್ಲಿ ಬಲಪಕ್ಕೆಗೆ ಚೂರಿ ಹಾಕಿದಂಥ ನೋವು, ಉಗುಳಿದರೆ ಕೆಂಪು. ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಿನ್ನನ್ನು ನೋಡಿದ್ದೆನಲ್ಲ! ಗಾಡಿ ಕಟ್ಟಿಸಿ ಎಂದು ಹಟ ಹಿಡಿದು ಊರಿನ ಆಸ್ಪತ್ರೆಗೆ ಹೋದೆ.

ಅಲ್ಲಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಬೀರುವಿನಿಂದ ಬಿಳಿಯ ಮಾತ್ರೆ ತೆಗೆದರು. ಸಲ್ಫಾ ಅಂತ ಹೆಸರು, ಈ ಜ್ವರಕ್ಕೆಂದೇ ಹೊಸದಾಗಿ ಬಂದದ್ದು. ನನ್ನ ಅತ್ತೆ ಅವರ ಕೈಗೆ ಅಡ್ಡ ಬಂದರು. "ಬಸುರಿ ಹೆಂಗಸಿಗೆ ಮಾತ್ರೆ ಗೀತ್ರೆ ಯಾಕ್ರೀ? ಹೊಟ್ಟ್ಯಾಗಿನ ಕೂಸಿಗೆ ಏನಾರ ಆದ್ರೆ?"

"ಏನೂ ಆಗಲ್ಲ ಅಂತ ಆಣೆ ಮಾಡಾಕೆ ನನಗೆ ಬರಲ್ಲಮ್ಮ" ಎಂದರು ಡಾಕ್ಟರು. "ಹೊಸ ಔಷಧಿ, ನಮಗೂ ಎಲ್ಲಾ ಗೊತ್ತಿಲ್ಲ. ಆದ್ರೆ ತಾಯಿ ಉಸಿರು ನಿಂತ್ರೆ ಕೂಸಿಂದೂ ನಿಲ್ಲುತ್ತೆ."

"ಕೊಡ್ರೀ" ಎಂದೆ. ಅತ್ತೆಯ ಮುಖ ನೋಡಲಿಲ್ಲ.

ಅಕ್ಕಾ, ಆ ಮಾತ್ರೆಯ ಸಂಕಟ ಏನು ಹೇಳಲಿ! ಹೊಟ್ಟೆ ತೊಳಸಿ ಕರುಳೇ ಬಾಯಿಗೆ ಬರುತ್ತಿತ್ತು. ಮೂತ್ರಪಿಂಡಕ್ಕೆ ತೊಂದರೆಯಾಗಬಾರದೆಂದು ಚೊಂಬುಗಟ್ಟಲೆ ನೀರು ಬೇರೆ. ವಾಂತಿಯಾದರೆ ಮತ್ತೆ ನುಂಗು. ಬೇಡ ಎಂದಿದ್ದ ಅತ್ತೆಯೇ ಬೋಗುಣಿ ಹಿಡಿದು, "ನುಂಗವ್ವಾ, ಇನ್ನೊಂದ್ಸಲ ನುಂಗು" ಎಂದು ಬೆನ್ನು ನೀವಿದರು. ಬೆವರು ಕಿತ್ತುಕೊಂಡು ಬಂದು ಜ್ವರ ಇಳಿದಾಗ ಮೊದಲು ಮುಟ್ಟಿ ನೋಡಿಕೊಂಡದ್ದು ಹೊಟ್ಟೆಯನ್ನು. ಒದೆಯಿತು. ನಾನು ಜೋರಾಗಿ ಅತ್ತುಬಿಟ್ಟೆ. ನಿನಗೇಕೆ ಇದು ಸಿಗಲಿಲ್ಲ? ಕೆಲವೇ ವರ್ಷ ತಡವಾಗಿ ಬಂತಲ್ಲ?

ಮಗಳು ಹುಟ್ಟಿದಳು. ಹಾಲುಹಲ್ಲು ಬರುವ ಹೊತ್ತಿಗೆ ಅವಳಿಗೆ ಕೆಮ್ಮು ಬಂತು. ನಾನು ಓಡಿಹೋಗಿ, "ಆ ಮಾತ್ರೆ ಕೊಡ್ರೀ" ಎಂದೆ. ಅದೇ ಡಾಕ್ಟರು ಅಂಗಿ ಎತ್ತಿ ಎದೆ ನೋಡಿದರು. "ಪಕ್ಕೆ ಸೆಳೀತಿಲ್ಲ, ಹಾಲು ಕುಡೀತಾಳೆ, ನಗ್ತಾಳೆ. ಇದು ಬರೀ ನೆಗಡಿ. ನೆಗಡಿಗೆ ಆ ಮಾತ್ರೆ ನಾಟಲ್ಲ, ಸುಮ್ನೆ ಕೂಸಿಗೆ ಸಂಕಟ. ಪಕ್ಕೆ ಒಳಗೆ ಸೆಳೆದ್ರೆ, ಮೊಲೆ ಬಿಟ್ರೆ, ಆ ಗಳಿಗೇಲೇ ಬಾ." ಸಿಟ್ಟಿನಿಂದಲೇ ಮನೆಗೆ ಬಂದೆ. ಎದೆಗವಚಿಕೊಂಡು ಅವಳ ಪಕ್ಕೆಯನ್ನೇ ನೋಡುತ್ತಾ ಕೂತೆ. ಕೆಮ್ಮು ತಾನಾಗಿ ಹೋಯಿತು. ಈಗ ಪಕ್ಕದ ಮನೆಯವರು, "ಉಳಿದಿದ್ರೆ ಒಂದು ಮಾತ್ರೆ ಕೊಡೆ, ಮಗಂಗೆ ಶೀತ" ಎಂದು ಬಂದರೆ, "ಮೊದ್ಲು ಕೂಸಿನ ಅಂಗಿ ಎತ್ತಿ ಪಕ್ಕೆ ನೋಡ್ರಿ" ಎಂದು ನಾನೇ ಗದರುತ್ತೇನೆ.

ಹೋದ ಚಳಿಗಾಲದಲ್ಲಿ ಭಾವ ನಮ್ಮ ಅಂಗಳಕ್ಕೆ ಬಂದು ನಿಂತರು. ಅವರು ಇನ್ನೊಂದು ಮದುವೆಯಾದದ್ದು ನಿನಗೆ ಗೊತ್ತೋ ಇಲ್ಲವೋ. ನಿನ್ನ ಜಾಗಕ್ಕೆ ಬಂದವಳ ಮುಖ ನೋಡುವುದಿಲ್ಲ ಎಂದುಕೊಂಡಿದ್ದೆ. "ಅವಳಿಗೂ ಅದೇ ಜ್ವರ ಐತೆ ಕಣಮ್ಮ. ಬಸುರಿ. ಆಸ್ಪತ್ರೆ ಮಾತ್ರೆ ನುಂಗಾಕೆ ಹೆದರ್ತಾಳೆ. ನೀನೊಂದು ಸಲ ಬಂದು..." ಎಂದರು. ಮಗಳನ್ನು ಕಂಕುಳಿಗೇರಿಸಿಕೊಂಡು ಹೊರಟೆ. ಪೆಟ್ರೋಲು ಸಿಗದೆ ಇದ್ದಿಲು ಉರಿಸಿ ಓಡುವ ಬಸ್ಸು, ದಾರಿಯುದ್ದಕ್ಕೂ ನಿಂತು ನಿಂತು ಹೋಯಿತು.

ಅವಳ ಹೆಸರು ಸಿದ್ದಮ್ಮ. ನನಗಿಂತ ಚಿಕ್ಕವಳು, ಅದೇ ನಡುಮನೆಯಲ್ಲಿ ಏದುತ್ತಿದ್ದಳು. ಮಗಳನ್ನು ಅವಳ ಹಾಸಿಗೆಯ ಪಕ್ಕ ನಿಲ್ಲಿಸಿದೆ. "ನೋಡವ್ವ, ಇವಳು ಹೊಟ್ಟ್ಯಾಗಿದ್ದಾಗ ನಾನು ಅದನ್ನ ನುಂಗೀನಿ. ನಿನಗೂ ಹಿಂಗೇ ಆಗುತ್ತೆ ಅಂತ ಆಣೆ ಮಾಡಲ್ಲ. ನುಂಗದೆ ಇದ್ರೆ ಏನಾಗುತ್ತೆ ಅನ್ನೋದನ್ನ ಇದೇ ಮನ್ಯಾಗೆ ನೋಡೀನಿ." ಅವಳು ಮಗಳ ಕೆನ್ನೆ ಮುಟ್ಟಿದಳು. ಆಮೇಲೆ ಮಾತ್ರೆಗಾಗಿ ನನ್ನತ್ತ ಕೈ ಚಾಚಿದಳು. ಜ್ವರ ಇಳಿಯುವ ತನಕ ನಾನು ಅಲ್ಲೇ ಇದ್ದೆ.

ನಿನ್ನೆ ಸುದ್ದಿ ಬಂತು ಅಕ್ಕಾ: ಗಂಡುಮಗು, ಓಣಿಗೆಲ್ಲ ಕೇಳುವಂತೆ ಅಳುತ್ತಾನಂತೆ. ನಿನ್ನ ಮನೆಯಲ್ಲಿ ಕೂಸಿನ ಅಳು! ತೊಟ್ಟಿಲಿಗೆ ಹಾಕುವ ದಿನ ನಾನು ಹೋಗುತ್ತೇನೆ. ನೀನು ಹೋದ ಮೇಲೆ ಜಗಳೂರಿನ ದಾರಿಯನ್ನೇ ತುಳಿಯದ ನಮ್ಮವ್ವನನ್ನು ತವರೂರು ನ್ಯಾಮತಿಯಿಂದ ಕರೆದುಕೊಂಡೇ ಹೋಗುತ್ತೇನೆ. ಒಲ್ಲೆ ಎನ್ನುತ್ತಾಳೆ, ಗೊತ್ತು. ಎನ್ನಲಿ.

ನಿನ್ನ ತಂಗಿ,
ಚೆನ್ನಿ