ಅಳತೆಗೆ ಕೊಟ್ಟ ಅಂಗಿ

ಮಾರ್ಚ್ 4, ಸೋಮವಾರ

ಬೆಳಗ್ಗೆಯಿಂದ ಅಂಗಡಿಯಲ್ಲಿ ಬರೀ ಸ್ಕೂಲ್ ಯೂನಿಫಾರ್ಮ್ ಹೊಲಿಗೆ. ನೀಲಿ, ನೀಲಿ, ನೀಲಿ. ಕಣ್ಣು ಮುಚ್ಚಿದರೂ ನೀಲಿ.

ಮಧ್ಯಾಹ್ನ ಅಮ್ಮ ಊಟದ ಡಬ್ಬಿ ತಂದಳು. ಗಿರಾಕಿಗಳು ಕಂಡರೆ ಅವಳಿಗೆ ಸುಮ್ಮನಿರಲು ಆಗುವುದಿಲ್ಲ. ಮತ್ತೆ ಅದೇ ಕಥೆ. “ಏಳನೇ ಕ್ಲಾಸಲ್ಲೇ ಸೂಜಿ ಹಿಡಿದವಳು ಇವಳು! ಪೈಜಾಮಾನ ಅಂಗಿಗೆ ಸೇರಿಸಿ ಸೊಂಟದ ಸುತ್ತ ಹೊಲ್ಕೊಂಡು ಮಲಗಿದ್ಲು. ನಾನು ಡ್ಯೂಟಿ ಮುಗಿಸಿ ಬಂದು ಕತ್ತರಿಲಿ ಬಿಡಿಸ್ಬೇಕಾಯ್ತು!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಭ್ಯಾಸ.

ಹೋಗುವಾಗ ಹೇಳಿದಳು, ಏನೋ ನೆನಪಾದವಳ ಹಾಗೆ: “ನಿಮ್ಮ ಮಾವಂಗೆ ಈ ಊರಿಗೇ ವರ್ಗ ಆಗಿದೆ ಕಣೇ. ಒಂದನೇ ತಾರೀಕಿಂದ ನಮ್ಮನೇಲೇ ಇರ್ತಾನೆ. ನಿನ್ನ ಪಕ್ಕದ ಕೋಣೆ ಖಾಲಿನೇ ಇದೆಯಲ್ಲ.”

ಬಾಬಿನ್‌ಗೆ ದಾರ ಸುತ್ತುತ್ತಿದ್ದೆ. ಸುತ್ತುತ್ತಲೇ ಇದ್ದೆ. ತುಂಬಿ ಆಚೆ ಬಿತ್ತು.

ಮಾರ್ಚ್ 5

ಊಟ ಸೇರಲಿಲ್ಲ. ಅಮ್ಮ ಆ ಕೋಣೆ ಗುಡಿಸುತ್ತಿದ್ದಾಳೆ, ಗುನುಗುತ್ತ. ಒಡಹುಟ್ಟಿದ ತಮ್ಮ ಬರುತ್ತಾನಲ್ಲ… ಅಪ್ಪ ಹೋದ ಮೇಲೆ ನಮಗೆ ಆಸರೆಯಾದವನು ಅವನೇ. ಅಮ್ಮನಿಗೆ ನೈಟ್ ಶಿಫ್ಟ್ ಇದ್ದಾಗ ನನಗೆ ಜೊತೆಗಿರುತ್ತೇನೆಂದು ಬಂದು ಉಳಿಯುತ್ತಿದ್ದವನೂ ಅವನೇ.

ಇಷ್ಟು ಬರೆಯಲು ಇಷ್ಟು ವರ್ಷ ಹಿಡಿಯಿತು. ಮುಂದಿನದು ಬರೆಯಲಾರೆ.

ಮಾರ್ಚ್ 9, ಮಧ್ಯಾಹ್ನ

ಕೋಣೆ ನೋಡಿಹೋಗಲು ಬಂದಿದ್ದವನನ್ನು ಅಮ್ಮ ಅಂಗಡಿಗೇ ಕರೆತಂದಳು. ಹೊಸ ಆಫೀಸಿಗೆ ಅಂಗಿ ಹೊಲಿಸಬೇಕಂತೆ.

“ಅಳತೆ ತಗೊಳ್ಳೇ. ನಿನ್ನ ಕೈಯಿಂದ್ಲೇ ಆಗ್ಲಿ.”

ಎರಡೂ ಕೈ ಅಗಲಿಸಿ ನಿಂತ. “ಎಷ್ಟು ದೊಡ್ಡೋಳಾಗ್ಬಿಟ್ಟೆ ಪುಟ್ಟಿ!”

ಟೇಪು ನನ್ನ ಕುತ್ತಿಗೆಯಲ್ಲೇ ಇತ್ತು. ಕೈ ಮೇಲೇಳಲಿಲ್ಲ. ಕಾಲು ನನ್ನದಲ್ಲ, ಬಾಯಿ ನನ್ನದಲ್ಲ. ಮತ್ತೆ ಏಳನೇ ಕ್ಲಾಸು.

ಮಾಸ್ಟರಮ್ಮ — ಅಂಗಡಿ ಅವರದು, ನನಗೆ ಕಟಿಂಗ್ ಕಲಿಸಿದವರೂ ಅವರೇ — ನನ್ನ ಮುಖ ನೋಡಿದರು. “ನಮ್ಮಲ್ಲಿ ಗಂಡಸ್ರಿಗೆ ಮೈ ಅಳತೆ ತೆಗೆಯೋದಿಲ್ಲ ಸಾರ್. ಸರಿಯಾಗಿ ಕೂರೋ ಹಳೇ ಅಂಗಿ ಒಂದು ಕೊಡಿ, ಸಾಕು.”

ಹಸಿ ಸುಳ್ಳು. ನಿನ್ನೆ ತಾನೇ ಒಬ್ಬ ಮದುಮಗನ ಕೋಟಿಗೆ ಅಳತೆ ತೆಗೆದಿದ್ದೇನೆ.

ಮಾರ್ಚ್ 12

ಅಂಗಿ ಬಂತು. ಒಗೆದದ್ದೇ. ಆದರೂ ಆ ರಾತ್ರಿಗಳ ಅದೇ ಸೋಪಿನ ವಾಸನೆ.

ಹೊಸ ಬಟ್ಟೆ ಹಾಸಿದೆ. ಮೇಲೆ ಅಂಗಿ ಇಟ್ಟೆ. ಸುತ್ತ ಚಾಕ್‌ನಿಂದ ಗೆರೆ ಎಳೆದೆ. ಅಳತೆಯ ಅಂಗಿ ತೆಗೆದಿಟ್ಟು ಆಮೇಲೆ ಕತ್ತರಿ ಹಿಡಿಯಬೇಕು — ಮೊದಲ ದಿನದ ಪಾಠ. ತೆಗೆಯಲಿಲ್ಲ. ಅದನ್ನು ಇನ್ನೊಮ್ಮೆ ಮುಟ್ಟಲು ನನ್ನಿಂದ ಆಗಲಿಲ್ಲ. ಹಾಗೇ ಕತ್ತರಿಸಿದೆ. ತೋಳು, ಎದೆ, ಕಾಲರ್… ಹೊಸದೂ ಹೋಯಿತು, ಹಳೆಯದೂ ಹೋಯಿತು.

ಮಾಸ್ಟರಮ್ಮ ಬೈಯಲಿಲ್ಲ. ಶಟರ್ ಅರ್ಧ ಇಳಿಸಿ ಬಂದು ಎದುರಿಗೆ ಕೂತರು. “ಏನು ಮಾಡ್ದ ಅವ್ನು?”

ಏನಾಯ್ತು ಎಂದು ಕೇಳಲಿಲ್ಲ. ಏನು ಮಾಡ್ದ ಎಂದೇ ಕೇಳಿದರು.

ಹೇಳಿದೆ. ಜೀವನದಲ್ಲಿ ಮೊದಲ ಸಲ, ಬಾಯಿಬಿಟ್ಟು. ವಾಂತಿ ಬಂತು. ಬಕೆಟ್ ಹಿಡಿದು ಕೂತರು. “ನಿಂದೇನೂ ತಪ್ಪಿಲ್ಲಮ್ಮ” ಎಂದರು. ಸಿಟ್ಟು ಬಂತು. ಗೊತ್ತು ನನಗೆ! ಗೊತ್ತಿದ್ದೂ ಮೈಗೆ ಯಾಕೆ ಗೊತ್ತಾಗುವುದಿಲ್ಲ?

ಮಾರ್ಚ್ 14

ಅಮ್ಮನಿಗೆ ಹೇಳಿದೆ. ಪಾತ್ರೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಲಿಲ್ಲ.

“ಒಂದು ಅಂಗಿ ಹಾಳು ಮಾಡಿದ್ದಕ್ಕೆ ಇಷ್ಟು ದೊಡ್ಡ ಕಥೆ ಕಟ್ತೀಯಾ?”

“ಅಮ್ಮ, ನನ್ನ ಮುಖ ನೋಡು.”

“ಅವನಿಲ್ದಿದ್ರೆ ನಾವು ಬೀದಿಪಾಲಾಗ್ತಿದ್ವಿ. ನಾಲಿಗೆ ಬಿಗಿ ಹಿಡಿದು ಮಾತಾಡು.”

ನೋಡಲಿಲ್ಲ. ಬಟ್ಟೆ ಬ್ಯಾಗಿಗೆ ತುಂಬಿಕೊಂಡೆ. ಅವಳು ತಡೆಯಲೂ ಇಲ್ಲ.

ಮಾರ್ಚ್ 22

ಅಂಗಡಿಯ ಮಹಡಿ. ಲೈನಿಂಗ್ ಬಟ್ಟೆಯ ಸುರುಳಿಗಳ ನಡುವೆ ಹಾಸಿಗೆ.

ನಡುವೆ ಬರೆಯಲಿಲ್ಲ. ಏನಿತ್ತು ಬರೆಯಲು? ಇರುವುದೇ ಬೇಡ ಅನ್ನಿಸಿತ್ತು. ಅದನ್ನೂ ಮಾಸ್ಟರಮ್ಮನಿಗೆ ಹೇಳಿಬಿಟ್ಟೆ. ಅವರು ಕತ್ತರಿಗಳನ್ನೆಲ್ಲ ಬೀರುವಿಗೆ ಹಾಕಿ ಬೀಗ ಜಡಿದರು. ಬೀಗದ ಕೈ ಸೆರಗಿಗೆ. ಆಮೇಲೆ ಒಬ್ಬ ಗಿರಾಕಿ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದ. “ಇವತ್ತು ಕತ್ತರಿ ಇಲ್ಲ, ನಾಳೆ ಬಾರಪ್ಪ!” ಟೈಲರ್ ಅಂಗಡಿಯಲ್ಲಿ ಕತ್ತರಿ ಇಲ್ಲ! ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನಗುತ್ತಲೇ ಅಳು ಬಂತು.

ನಿನ್ನೆ ಕೌನ್ಸೆಲರ್ ಹತ್ತಿರ ಕರೆದೊಯ್ದರು. ಆಕೆ ಕೇಳಿದ್ದು ಒಂದೇ: “ಬಾಗಿಲು ತೆಗೆದಿರ್ಲಾ, ಹಾಕ್ಲಾ?” ಹಾಗೆ ಯಾರೂ ನನ್ನನ್ನು ಕೇಳಿರಲಿಲ್ಲ. “ತೆಗೆದಿರ್ಲಿ” ಎಂದೆ. ಇಡೀ ಹೊತ್ತು ನಾನಾಡಿದ್ದು ಅಷ್ಟೇ. ಗುರುವಾರ ಮತ್ತೆ ಬನ್ನಿ ಎಂದರು.

ಮಾರ್ಚ್ 28, ಗುರುವಾರ

ಕೌನ್ಸೆಲರ್ ಕೋಣೆಯ ಹೊರಗೆ ಬೆಂಚು. ಪಕ್ಕದಲ್ಲಿ ಒಬ್ಬ ಅಜ್ಜಿ. ಮೊಮ್ಮಗಳ ಜೊತೆ ಬಂದಿರಬೇಕು ಅಂದುಕೊಂಡೆ. ಅಲ್ಲ, ತನಗಾಗಿಯೇ ಬಂದವಳು. “ನಾನು ಬಾಯಿ ಬಿಟ್ಟಿದ್ದು ಅರವತ್ತಾದ್ಮೇಲೆ. ನೀನು ಬೇಗ ಬಂದೆ ಬಿಡು” ಎಂದು ನನ್ನ ಕೈಗೊಂದು ಪೆಪ್ಪರ್‌ಮಿಂಟ್ ಇಟ್ಟಳು. ಇವತ್ತು ಒಳಗೆ ಸ್ವಲ್ಪ ಮಾತಾಡಿದೆ.

ಅಮ್ಮನ ಫೋನ್ ಇಲ್ಲ. ಸೋಮವಾರ ಅವನು ಬರುತ್ತಾನೆ. ಅವನು ಆ ಮನೆಯಲ್ಲಿ ಬಂದು ಕೂತರೆ ನನಗೆ ಅಮ್ಮನೂ ಇಲ್ಲ, ಮನೆಯೂ ಇಲ್ಲ. ಅವಳು ಬೇಡ ಅನ್ನಬೇಕು. ಅವಳೇ ಅನ್ನಬೇಕು. ಅನ್ನುವುದಿಲ್ಲ, ಗೊತ್ತು. ಆದರೂ ಫೋನ್ ಕೈಯಲ್ಲಿ ಹಿಡಿದೇ ಕೂತಿದ್ದೇನೆ… ಎಂಥ ಹುಚ್ಚು.

ಏಪ್ರಿಲ್ 1, ಬೆಳಗ್ಗೆ ಹನ್ನೊಂದು

ಮಾಸ್ಟರಮ್ಮ ಈಗಷ್ಟೇ ಮೇಲೆ ಬಂದು ಹೇಳಿ ಹೋದರು. ಅಮ್ಮ ಬಂದಿದ್ದಾಳೆ. ನನ್ನ ಸ್ಟೂಲಿನ ಮೇಲೆ ಕೂತಿದ್ದಾಳೆ. ನೀರು ಕೊಟ್ಟರೆ ಕುಡಿಯುತ್ತಿಲ್ಲ. ಒಂದೇ ಮಾತು ಕೇಳುತ್ತಿದ್ದಾಳಂತೆ:

“ಆ ಪೈಜಾಮ… ಅದಕ್ಕೇನಾ ನನ್ನ ಮಗು ಹಾಗೆ ಹೊಲ್ಕೊಂಡಿದ್ದು? ನಾನು ಊರಿಗೆಲ್ಲ ಹೇಳ್ಕೊಂಡು ನಗಾಡಿದ್ನಲ್ಲ…”

“ಅವನು?” ಎಂದೆ.

“ಸಾಮಾನು ಗೇಟಿನ ಹೊರಗೇ ಇದೆಯಂತೆ. ನಿಮ್ಮಮ್ಮ ಕೋಣೆಗೆ ಬೀಗ ಹಾಕಿ ಬಂದಿದಾರೆ.”

ಸಂತೋಷವಾಗಬೇಕಿತ್ತು. ಆಗುತ್ತಿಲ್ಲ. ಸಿಟ್ಟು, ದುಃಖ, ಯಾವುದು ಯಾವುದೋ ತಿಳಿಯುತ್ತಿಲ್ಲ. ಓಡಿಹೋಗಿ ತಬ್ಬಿಕೊಳ್ಳಲೂ ಆಗುತ್ತಿಲ್ಲ, ಹೋಗು ಅನ್ನಲೂ ಆಗುತ್ತಿಲ್ಲ. ಬಾಗಿಲು ಮಾತ್ರ ತೆಗೆದೇ ಇಟ್ಟಿದ್ದೇನೆ.

ಮೆಟ್ಟಿಲ ಮೇಲೆ ಅಮ್ಮನ ಚಪ್ಪಲಿಯ ಸದ್ದು. ಅರ್ಧಕ್ಕೆ ನಿಂತಿತು. ಮತ್ತೆ ಹತ್ತುತ್ತಿದ್ದಾಳೆ. ಬಂದಳು. ಹೊಸ್ತಿಲಲ್ಲೇ ನಿಂತಿದ್ದಾಳೆ. ಒಳಗೆ ಬರಲಾ ಎಂದು ಕೇಳುತ್ತಿದ್ದಾ—