ಚಿಗರಿ ಯಾರ ಮಗಳು?

ಲೋಂಡಾ, ತಾ. ಖಾನಾಪುರ
೭ ಡಿಸೆಂಬರ್ ೨೦೨೫, ರವಿವಾರ

ಪ್ರೀತಿಯ ಸಾಕ್ಷಿ,

ಹೇಗಿದ್ದೀಯ? ಮನೆಯಲ್ಲಿ ಅವ್ವಾರು, ಅಪ್ಪಾರು ಆರಾಮವೇ? ಇಲ್ಲಿ ಆಯಿಯ ಕೆಮ್ಮು ಕಡಿಮೆಯಾಗಿದೆ. ಅಪ್ಪ ದಿನಾ ಗ್ಯಾಂಗಿನ ಜೊತೆ ಹಳಿಯ ಕೆಲಸಕ್ಕೆ ಹೋಗುತ್ತಿದ್ದಾನೆ. ರೈಲ್ವೆ ಕ್ವಾರ್ಟರ್ಸಿನ ಹಿಂದೆ ಆಯಿ ಹಟಮಾಡಿ ಕಟ್ಟಿಕೊಂಡಿರುವ ಎರಡು ಕುರಿಗಳೂ ಕ್ಷೇಮ. ನನ್ನ ಕ್ಷೇಮ ಮಾತ್ರ ಕೇಳಬೇಡ. ಎರಡು ವಾರದಿಂದ ಸಿಟ್ಟಿನಲ್ಲಿದ್ದೇನೆ.

ನಿನ್ನ ಮೂರು ಮೆಸೇಜುಗಳಿಗೂ ಉತ್ತರ ಕೊಡದೆ ಇದ್ದದ್ದು ತಪ್ಪು, ಕ್ಷಮಿಸು. ಪ್ರತಿ ಸಲ ಅರ್ಧ ಬರೆದು ಅಳಿಸಿದೆ. ಫೋನಿನಲ್ಲಿ ಎಷ್ಟು ಬರೆದರೂ ನೀನು ಒಂದು ನಗುವ ಮುಖ ಹಾಕಿ ಮುಗಿಸಿಬಿಡುತ್ತೀ. ಕಾಗದಕ್ಕೆ ಹಾಗೆ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. "ಒಂದ ಕತಿಪುಸ್ತಕದ ಸಲುವಾಗಿ ಐದ ವರ್ಷದ ದೋಸ್ತಿ ಬಿಡ್ತೀ ಏನ್ ರೂಪಿ? ಮುಂದಿನ ರವಿವಾರ ಊಟಕ್ಕ ಬಾ, ಅವ್ವ ಹಾದಿ ನೋಡಾಕತ್ತಾಳ" ಎಂದು ಕೇಳಿದ್ದೀಯ. ಬರಬೇಕೋ ಬೇಡವೋ ನನಗೇ ತಿಳಿದಿಲ್ಲ. ಬರೆಯುತ್ತ ಬರೆಯುತ್ತ ತಿಳಿದೀತು.

ಮೊದಲು ಪುಸ್ತಕದ ಮಾತು.

ಬಿ.ಎ. ಮೊದಲ ವರ್ಷದಲ್ಲಿ ನಾವಿಬ್ಬರೂ 'ಹೊಗೆಬೆಟ್ಟ'ದ ಮೊದಲ ಭಾಗವನ್ನು ಒಂದೇ ಪ್ರತಿಯಲ್ಲಿ ಓದಿದೆವು. ಸೋಮವಾರದಿಂದ ಬುಧವಾರ ನಿನ್ನದು, ಉಳಿದ ದಿನ ನನ್ನದು. ನಿನ್ನ ಪಾಳಿಯಲ್ಲಿ ನೀನು ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಿಟ್ಟ ಮಾತಿಗೆ ನನ್ನ ಪಾಳಿಯಲ್ಲಿ ನಾನು ಉತ್ತರ ಬರೆಯುತ್ತಿದ್ದೆ. ನನಗೆ ಆಗ ಕತೆ ಕಾದಂಬರಿ ಓದಿ ಗೊತ್ತೇ ಇರಲಿಲ್ಲ. ನನ್ನ ಓದೆಲ್ಲ ಕರಪತ್ರ, ಕಿರುಹೊತ್ತಿಗೆಗಳದು. ಸಮಾನತೆ ಎಂದರೇನು, ದುಡಿಮೆ ಯಾರದು, ಹೆಣ್ಣಿನ ಹಕ್ಕು ಯಾವುದು ಎಂದು ಹದಿನಾರು ಪುಟದಲ್ಲಿ ಹೇಳಿ ಮುಗಿಸುವ ಪುಸ್ತಕಗಳು. ಅಂಥವಳಿಗೆ ಚಿಗರಿ ಸಿಕ್ಕಳು. ಕರಿಕುರಿ ಕಾಯುವ ಹುಡುಗಿ. ಗುಡಿಸಲಿನಲ್ಲಿ ಹುಟ್ಟಿದವಳು. ಅವಳು ಸಿಳ್ಳೆ ಹಾಕಿದರೆ ಬೆಟ್ಟ ಓಗೊಡುತ್ತದೆ, ತೋಳ ಮಾತಾಡುತ್ತದೆ. ಮೂರನೆಯ ಭಾಗದಲ್ಲಿ ಗಾಜಿನ ಅರಸನ ದಂಡನ್ನು ಒಂದು ಕುರಿಹಿಂಡು ಕಟ್ಟಿಕೊಂಡು ಸೋಲಿಸಿದಾಗ ನಾನು ಬಸ್ಸಿನಲ್ಲಿ ಎದ್ದು ನಿಂತಿದ್ದೆ, ನೆನಪಿದೆಯೇ? ಕಂಡಕ್ಟರ್ ಇಳಿಯುವವಳೆಂದು ಸೀಟಿ ಹೊಡೆದಿದ್ದ.

ಈಗ ಐದನೆಯ ಭಾಗ. ಮುದಿ ಪುರೋಹಿತನೊಬ್ಬ ಬಂದು ಅವಳ ಹೆಗಲ ಮೇಲಿನ ಮಚ್ಚೆ ನೋಡಿ ಹೇಳುತ್ತಾನೆ: ಇವಳು ಕುರುಬರ ಮಗಳಲ್ಲ, ನೆರೆರಾಜ್ಯದ ಕಳೆದುಹೋದ ರಾಜಕುಮಾರಿ. ಬೆಟ್ಟ ಇವಳಿಗೆ ಓಗೊಟ್ಟದ್ದು ರಾಜರಕ್ತಕ್ಕೆ. ಅರಮನೆಯವರು ಒಪ್ಪಿದರು, ಯುವರಾಜನ ಜೊತೆ ಮದುವೆ ನಿಶ್ಚಯವಾಯಿತು, ಎಲ್ಲರೂ ಸುಖಿಗಳು.

ನನ್ನ ಸಿಟ್ಟು ಇಷ್ಟೇ, ಸಾಕ್ಷಿ. ತೋಳ ಮಾತಾಡುವುದನ್ನು ಕಲ್ಪಿಸಿಕೊಂಡ ಲೇಖಕರಿಗೆ, ಬೆಟ್ಟ ನಡೆಯುವುದನ್ನು ಕಲ್ಪಿಸಿಕೊಂಡ ಲೇಖಕರಿಗೆ, ಕುರುಬರ ಮಗಳು ಕುರುಬರ ಮಗಳಾಗಿಯೇ ಇದ್ದು ಗೆಲ್ಲುವುದನ್ನು ಕಲ್ಪಿಸಿಕೊಳ್ಳಲು ಆಗಲಿಲ್ಲ. ಅವಳು ಕಲಿತ ಸಿಳ್ಳೆ, ಅವಳು ತಿಂದ ಚಳಿ, ಅವಳ ಅವ್ವ ಹೇಳಿಕೊಟ್ಟ ಹಾದಿ ಎಲ್ಲವನ್ನೂ ಒಂದು ಮಚ್ಚೆಯ ಲೆಕ್ಕಕ್ಕೆ ಬರೆದುಬಿಟ್ಟರು.

ನಾನು ಕೆಲಸ ಮಾಡುವ ಪ್ರೆಸ್ಸಿನಲ್ಲಿ ನಾನೇ ಕಂಪೋಸ್ ಮಾಡಿ, ನಾನೇ ಕರಡು ತಿದ್ದಿ ಇನ್ನೂರು ಕರಪತ್ರ ತೆಗೆದೆ. ತಲೆಬರಹ, 'ಚಿಗರಿಯನ್ನು ನಮಗೆ ಮರಳಿ ಕೊಡಿ'. ಮಾಲೀಕ ಬಸಯ್ಯನವರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಯಾವ ವಾರ್ಡಿನಾಕಿನವಾ ಈ ಚಿಗರಿ? ಚಿಹ್ನೆ ಹಾಕೂದ ಮರತೀಯಲ್ಲ" ಎಂದರು. ಎಲೆಕ್ಷನ್ನಿನ ಕರಪತ್ರ ಎಂದುಕೊಂಡಿದ್ದರು, ಪಾಪ.

ರವಿವಾರದ ಓದುಗರ ಸಭೆಗೆ ಅದನ್ನು ಹಿಡಿದುಕೊಂಡೇ ಬಂದೆ. ಅಲ್ಲಿ ಆದದ್ದು ನಿನಗೆ ಗೊತ್ತು. ಆದರೆ ನನ್ನ ಕಡೆಯಿಂದ ಅದು ಹೇಗೆ ಕಂಡಿತು ಎಂಬುದು ನಿನಗೆ ಗೊತ್ತಿಲ್ಲ. ನಲವತ್ತು ಜನ. ಮದುವೆಗೆ ಬಂದವರ ಹಾಗೆ ಖುಷಿಯಲ್ಲಿದ್ದರು. ಸೃಷ್ಟಿ ಮೂರು ಸಲ ಓದಿ ಮೂರು ಸಲವೂ ಅತ್ತಳಂತೆ, ಆನಂದಕ್ಕೆ. ನಾನು ಕರಪತ್ರ ಹಂಚತೊಡಗಿದಾಗ ಪ್ರಸಾದ ಕುರ್ಚಿಯ ಮೇಲೆ ಹಿಂದಕ್ಕೆ ವಾಲಿ ಕೂಗಿದ.

"ಬಂತ ನೋಡ್ರಿ ಕರಪತ್ರದಕ್ಕನ ಮೆರವಣಿಗಿ! ಅಲ್ಲ ರೂಪಕ್ಕಾ, ಚಿಗರಿ ರಾಣಿ ಆದ್ರ ಆಕಿ ರೇಶನ್ ಕಾರ್ಡ್ ರದ್ದ ಆಗ್ತೈತಿ ಅಂತ ಚಿಂತಿ ಏನ?"

ಎಲ್ಲರೂ ನಕ್ಕರು. ನನಗೂ ನಗು ಬಂತು, ಸುಳ್ಳು ಹೇಳುವುದಿಲ್ಲ. ಆದರೂ ನಿಂತು ಮಾತಾಡಿದೆ. ಇಷ್ಟು ದಿನ ನಾವು ಪ್ರೀತಿಸಿದ್ದು ಯಾರನ್ನು ಎಂದು ಕೇಳಿದೆ. ಆಗ ನೀನು ಎದ್ದೆ. ಇನ್ನಾರೂ ಅಲ್ಲ, ನೀನು.

"ಯಾಕ ಇಷ್ಟ ತ್ರಾಸ ಮಾಡ್ಕೋತಿ ರೂಪಿ? ಆಕೀಗಿ ಒಳ್ಳೇದ ಆತಲ್ಲ. ಮನಿಯವರು ಒಪ್ಪಿದ್ರು, ಯಾರಿಗೂ ಬ್ಯಾಸರ ಇಲ್ಲ. ಒಂದ ಮಾತಿನಿಂದ ಎಲ್ಲಾ ಸುಸೂತ್ರ ಆಗ್ತಿದ್ರ ಆ ಮಾತ ಇರವಲ್ದ್ಯಾಕ?"

ನಾನು ಉಳಿದ ಕರಪತ್ರಗಳನ್ನು ಮೇಜಿನ ಮೇಲೆ ಇಟ್ಟು ಹೊರಗೆ ಬಂದೆ. ನೇರ ಸ್ಟೇಷನ್ನಿಗೆ ಹೋಗಿ ಲೋಂಡಾ ಗಾಡಿ ಹತ್ತಿದೆ. ಬಸಯ್ಯನವರಿಗೆ ಆಯಿಯ ಕೆಮ್ಮಿನ ನೆಪ ಹೇಳಿ ರಜೆ ಕೇಳಿದೆ.

ಇಲ್ಲಿಗೆ ಬಂದರೂ ಆ ಪುಸ್ತಕ ಬಿಡಲಿಲ್ಲ. ಮೊದಲ ನಾಲ್ಕು ಭಾಗಗಳನ್ನೂ ನಾನು ರಜೆಗೆ ಬಂದಾಗಲೆಲ್ಲ ಆಯಿಗೆ ಓದಿಹೇಳಿದ್ದೇನೆ, ನಿನಗೆ ಗೊತ್ತಲ್ಲ. ಪಕ್ಕದ ಮನೆಯ ಪ್ರಮಿಳಾ ಕಾಕೂ ಅವರೆಕಾಯಿ ಸುಲಿಯುತ್ತ ಬಂದು ಕೂಡುತ್ತಾರೆ. ಅವರಿಗಾಗಿ ನಡುನಡುವೆ ಮರಾಠಿಯಲ್ಲಿ ಹೇಳಬೇಕು. ಆಯಿ ಕುರಿಯ ವಿಷಯ ಬಂದಾಗಲೆಲ್ಲ ಲೇಖಕರನ್ನು ತಿದ್ದುತ್ತಾಳೆ. "ಮಳ್ಯಾಗ ಹಿಂಡ ತಗ್ಗಿಗಿ ಇಳಸಿದ್ಲ ಅಂತೇನ? ಬರದಾಂವ ಕುರಿ ಕಂಡಿಲ್ಲ ಬಿಡ" ಎನ್ನುತ್ತಾಳೆ. ಆದರೂ ಚಿಗರಿ ಎಂದರೆ ಪ್ರಾಣ. ಹೀಗಾಗಿ ಐದನೆಯದನ್ನು ಓದಲೇಬೇಕಾಯಿತು. ನಾಲ್ಕು ಮಧ್ಯಾಹ್ನ ಓದಿದೆ. ಐದನೆಯ ದಿನ ಅಪ್ಪನಿಗೂ ರಜೆ, ಅವನೂ ಕಟ್ಟೆಯ ಮೇಲೆ ಕುಳಿತಿದ್ದ. ಅಂದೇ ಪುರೋಹಿತ ಮಚ್ಚೆ ನೋಡುವ ಪುಟ ಬಂತು.

ಪ್ರಮಿಳಾ ಕಾಕೂ ಸೆರಗಿನಿಂದ ಕಣ್ಣೊರೆಸಿಕೊಂಡು, "ಬರಂ ಝಾಲಂ ಪೋರೀಚಂ! ಚಲೋ ಆತ, ಪುಣ್ಯಾ ಮಾಡಿದ್ಲ ನೋಡ ಹುಡುಗಿ" ಎಂದರು.

ಆಯಿ ಕೇಳಿದಳು. "ಕುರಿ ಆಕಿ ಮಾತ ಕೇಳಿದ್ದು ರಾಜನ ಮಗಳಂತ?"

"ಹಂಗ ಬರದಾರ ಆಯಿ."

"ಕುರಿಗಿ ಯಾಂವ ಹೇಳಿದ್ದ? ಉಣ್ಣಿ ಆರಿಸಿದಾಕಿ ಮಾತ ಕೇಳ್ತಾವ ಅವು. ಹೋಗ್ಲಿ, ಗುಡಸಲದಾಗಿನ ಅವ್ವ ಏನಾದ್ಲು? ನಾಕ ಪುಸ್ತಕ ಜ್ವಾಪಾನ ಮಾಡಿದಾಕಿ?"

ನಾನು ಹುಡುಕಿ ಓದಿದೆ. ಆ ಅವ್ವನಿಗೆ ಒಂದು ಜರಿಶಾಲು ಹೊದಿಸಿ ಬೆಟ್ಟಕ್ಕೆ ಕಳಿಸಿದರು. ಎರಡು ಸಾಲು, ಅಷ್ಟೇ.

"ಎರಡ ಸಾಲಿನ್ಯಾಗ ಮುಗಿಸಿದ್ನೇನ ಆಕೀನ? ಜರಿಶಾಲ ಹೊಚಕೊಂಡ ಕುರಿ ಹಿಂದ ಹ್ಯಾಂಗ ಹೋಗೂದ? ಎಲ್ಲಾ ಮುಳ್ಳಿಗಿ ಸಿಗತೈತಿ" ಎಂದು ಆಯಿ ಕೆಮ್ಮುತ್ತ ಬೈದಳು. ಸಾಕ್ಷಿ, ನಲವತ್ತು ಓದುಗರ ಸಭೆಯಲ್ಲಿ ಒಬ್ಬರಿಗೂ ಆ ಅವ್ವ ನೆನಪಾಗಲಿಲ್ಲ. ನಾನು ಬರೆದ ಕರಪತ್ರದಲ್ಲೂ ಅವಳಿರಲಿಲ್ಲ. ಅಕ್ಷರ ಬಾರದ ನನ್ನ ಆಯಿ, ಈ ಭೀಮಕ್ಕಜ್ಜಿ, ಕೇಳಬೇಕಾಯಿತು.

ಅಪ್ಪ ಬೀಡಿ ಆರಿಸಿ ನನ್ನನ್ನು ಕೇಳಿದ. "ನೀ ರಾಜನ ಮಗಳು ಅಂದಾಗ ಆ ಹುಡುಗಿ ಏನಂದ್ಲು? ಅಲ್ಲ ಅನಲಿಲ್ಲೇನು?"

"ಇಲ್ಲಪ್ಪಾ. ಅನಲಿಲ್ಲ."

"ಹೋಗ್ಲಿ ಬಿಡು. ದೊಡ್ಡಮಂದಿ ಮುಂದ ಅಂಜಿರಬೇಕು" ಎಂದ.

ನನಗೆ ಮುಂದೆ ಓದಲಾಗಲಿಲ್ಲ. ಕುರಿಗೆ ನೀರಿಡುತ್ತೇನೆಂದು ಎದ್ದು ಹೋದೆ.

ನಿನಗೆ ಇದೆಲ್ಲ ಅತಿಯೆನಿಸಬಹುದು. 'ಕಲ್ಪನೆಯ ಕತೆ, ಇಷ್ಟು ಹಚ್ಚಿಕೊಳ್ಳಬಾರದು' ಎಂದು ನೀನು ಬರೆದಿದ್ದೆ. ಆದರೆ ನಿಮ್ಮ ಪಡಸಾಲೆಯಲ್ಲಿ ಬಸವಣ್ಣನ ಪಟವಿದೆ. ಹುಟ್ಟಿನಿಂದ ಮನುಷ್ಯರನ್ನು ಅಳೆಯಬಾರದು ಎಂದು ನಾನು ಮೊದಲು ಓದಿದ್ದು ನಿಮ್ಮ ಮನೆಯ ಕಪಾಟಿನಲ್ಲಿದ್ದ ಶರಣರ ಕಿರುಹೊತ್ತಿಗೆಗಳಲ್ಲಿ. ಅಲ್ಲಿ ಬೆಳೆದ ನೀನೇ ಎದ್ದು ನಿಂತು ಆ ಮಚ್ಚೆಯ ಪರವಾಗಿ ಮಾತಾಡಿದೆಯಲ್ಲ, ಅದನ್ನು ನುಂಗುವುದು ಹೇಗೆ? ಲೇಖಕರ ಮೇಲಿನ ಸಿಟ್ಟು ಇನ್ನೊಂದು ಕರಪತ್ರ ತೆಗೆದರೆ ಇಳಿದೀತು. ನಿನ್ನ ಮೇಲಿನದು ಇಳಿಯುತ್ತಿಲ್ಲ.

ಇರಲಿ. ನಿನ್ನ ಬ್ಯಾಂಕ್ ಪರೀಕ್ಷೆ ಹತ್ತಿರ ಬಂತು, ಗಣಿತದ ಅಭ್ಯಾಸ ಬಿಡಬೇಡ. ಗಾಬರಿಯಾದರೆ ಉಗುರು ಕಚ್ಚುತ್ತೀ, ಅದನ್ನೂ ಬಿಡು. "ನಿನ್ನ ಗೆಳತಿ ಪಾಸಾಗಲಿ, ಹೊಟ್ಟಿ ತಂಪಿರಲಿ ಅಂತ ಬರಿ" ಎಂದು ಆಯಿ ಹೇಳಿದ್ದಾಳೆ. ಐದು ವರ್ಷದಲ್ಲಿ ನೀನು ಒಮ್ಮೆಯೂ ಲೋಂಡಾಕ್ಕೆ ಬಂದಿಲ್ಲ, ಆದರೂ ಅವಳ ಆಶೀರ್ವಾದ ನಿನಗೆ ತಪ್ಪಿಲ್ಲ.

ನಿನ್ನ,
ರೂಪಾಲಿ

ತಾ.ಕ.: ಪತ್ರವನ್ನು ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಇಷ್ಟೆಲ್ಲ ಬರೆದು ಹೇಳಬೇಕಾದದ್ದನ್ನೇ ಬಿಟ್ಟಿದ್ದೇನೆ.

ಸಭೆಯ ಹಿಂದಿನ ದಿನ, ಶನಿವಾರ ಸಂಜೆ, ನಿಮ್ಮ ಅವ್ವಾರು ನೆಹರು ನಗರದ ನನ್ನ ರೂಮಿಗೆ ಬಂದಿದ್ದರು. ನಿನಗೆ ಆಮೇಲೆ ಹೇಳಿ ಬೆರಗು ಮಾಡಬೇಕೆಂದಿದ್ದರಂತೆ. ಡಬ್ಬಿಯಲ್ಲಿ ಶೇಂಗಾ ಹೋಳಿಗೆ ತಂದಿದ್ದರು. ನನ್ನ ಮಂಚದ ಮೇಲೆ ಕುಳಿತು, ನನ್ನ ಕೈ ಹಿಡಿದು, ತಮ್ಮ ಅಣ್ಣನ ಮಗನಿಗೆ ನನ್ನನ್ನು ಕೇಳಿದರು.

"ಹೊರಗಿಂದ ಯಾರನ್ನರ ತರೂದಕ್ಕಿಂತ ನೀ ಚಲೋ ಅಲ್ಲೇನವಾ. ನಮ್ಮ ಮಂದೀನ. ಮೊದಲನೇ ದಿನಾನ ಸಾಕ್ಷಿ ಹೇಳಿದ್ಲು, ಬೈಲಹೊಂಗಲ ಕಡೆಯವರು, ಅಪ್ಪಾರು ಸಾಲಿ ಮಾಸ್ತರು, ಮನ್ಯಾಗ ಲಿಂಗಪೂಜಾ ತಪ್ಪಂಗಿಲ್ಲ ಅಂತ. ಅಪ್ಪಾರು ಆರಾಮ ಅದಾರಲ್ಲ?"

ಸದಾಶಿವನಗರದ ನಿಮ್ಮ ಮನೆಗೆ ನಾನು ಮೊದಲು ಬಂದ ದಿನ, ಹಿತ್ತಲಿನಲ್ಲಿ ಕೈಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ನೀನು ನನಗೊಬ್ಬ ಅಪ್ಪನನ್ನು ಮಾಡಿಕೊಟ್ಟಿದ್ದೆ ಎಂದು ಆ ಶನಿವಾರವೇ ನನಗೆ ತಿಳಿದದ್ದು. ನಾವು ಯಾರೆಂದು ಕಾಲೇಜಿನ ಮೊದಲ ವಾರದಲ್ಲೇ ನಾನು ನಿನಗೆ ಹೇಳಿದ್ದೆ. ಐದು ವರ್ಷ ನಿಮ್ಮ ಅಡುಗೆಮನೆಯಲ್ಲಿ ಕುಳಿತು ಉಂಡವಳು ಆ ಮಾಸ್ತರರ ಮಗಳು. ನನ್ನನ್ನು ಒಳಗೆ ಕೂಡಿಸಬೇಕೆಂಬ ಆಸೆಯಿಂದಲೇ ನೀನು ಹಾಗೆ ಹೇಳಿರಬೇಕು. ಅದು ನನಗೆ ತಿಳಿಯುತ್ತದೆ. ತಿಳಿಯುವುದರಿಂದಲೇ ಸಿಟ್ಟು ಹೆಚ್ಚಾಗುತ್ತದೆ.

ಆದರೆ ಸುಳ್ಳು ಹೇಳಿದವಳು ನೀನೊಬ್ಬಳೇ ಆಗಿದ್ದರೆ ನಾನು ಎಂದೋ ನಿಮ್ಮ ಮನೆಗೆ ಬಂದು ಜಗಳವಾಡಿ ಮುಗಿಸುತ್ತಿದ್ದೆ. ಅವ್ವಾರು ಕೇಳಿದಾಗ ನಾನು ಏನು ಹೇಳಿದೆ ಗೊತ್ತೇ? "ಹೂಂ ರೀ, ಆರಾಮ ಅದಾರ್ರಿ" ಎಂದೆ. ಇಲ್ಲದ ಮಾಸ್ತರರ ಆರೋಗ್ಯದ ಸುದ್ದಿಯನ್ನು ನಾನೇ ಹೇಳಿದೆ. ಇನ್ನೂರು ಕರಪತ್ರದ ಕಟ್ಟು ಅದೇ ಮಂಚದ ಕೆಳಗಿತ್ತು. ನನ್ನ ಅಪ್ಪ ಆ ಹೊತ್ತಿನಲ್ಲಿ ಕ್ಯಾಸಲ್‌ರಾಕ್ ಕಡೆ ಹಳಿಯ ಮೇಲೆ ಬಗ್ಗಿ ಕೆಲಸ ಮಾಡುತ್ತಿದ್ದ.

ಅವ್ವಾರಿಗೆ ಬೇರೊಂದು ಪತ್ರ ಬರೆದಿದ್ದೇನೆ. ಎರಡನ್ನೂ ಒಂದೇ ಲಕೋಟೆಯಲ್ಲಿ ನಾಳೆ ಬೆಳಿಗ್ಗೆ ಟಪಾಲಿಗೆ ಹಾಕುತ್ತೇನೆ. ಅವರದು ನಾಲ್ಕೇ ಸಾಲು. ನನ್ನ ಅಪ್ಪನ ಹೆಸರು ಮುತ್ತಪ್ಪ, ರೈಲ್ವೆ ಗ್ಯಾಂಗ್‌ಮನ್, ಲೋಂಡಾ. ನಾವು ಕುರುಬರು. ಬೈಲಹೊಂಗಲದಲ್ಲಿ ನಮ್ಮವರು ಯಾರೂ ಇಲ್ಲ. ಅಂದು ನಿಮ್ಮೆದುರು ಸುಳ್ಳು ಹೇಳಿದೆ, ಕ್ಷಮಿಸಿರಿ. ನಿನ್ನ ಹೆಸರು ಅದರಲ್ಲಿ ಎತ್ತಿಲ್ಲ. ಅದನ್ನು ಅವರ ಕೈಗೆ ಮುಟ್ಟಿಸು, ಬಚ್ಚಿಡಬೇಡ.

ಓದಿದ ಮೇಲೂ ಅವರೇ ಫೋನ್ ಮಾಡಿ ಕರೆದರೆ ರವಿವಾರ ಊಟಕ್ಕೆ ಬರುತ್ತೇನೆ. ಅಂದು ಅಪ್ಪನಿಗೂ ರಜೆ ಇದೆ. ಇಬ್ಬರಿಗೆ ಎಲೆ ಹಾಕಲು ಹೇಳು.