ಮೇಜಿನ ಕೆಳಗಿಂದ ಕರೆದ ಹೆಸರು

ಸೋಲಾಂಜ್ ಅಮ್ಮಾ,

ಫ್ರೆಂಚ್ ಕಲಿಯಲು ಬಂದು ನಿಮ್ಮ ಮನೆಯಲ್ಲಿದ್ದ ವರ್ಷ ನೀವೇ ಕಲಿಸಿದ್ದು: ಜನವರಿ ಹಬ್ಬದ ಕೇಕ್ ಹಂಚುವಾಗ ಎಲ್ಲರಿಗಿಂತ ಚಿಕ್ಕವರು ಮೇಜಿನ ಕೆಳಗೆ ಕೂತು, ಯಾವ ತುಂಡು ಯಾರಿಗೆಂದು ಕೂಗಬೇಕು. ಇವತ್ತು ಮತ್ತೆ ನಿಮ್ಮ ಮನೆಗೆ ಹೋಗಿದ್ದೆ.

"ನುಗ್ಗು ಕೆಳಗೆ, ರಾಲಿತ್ಸಾ. ತಲೆ ನರೆತ್ರೂ ಇಲ್ಲಿ ನೀನೇ ಚಿಕ್ಕೋಳು," ಅಂದರು ನಿಮ್ಮ ಯಜಮಾನರು. ಕೇಕ್ ಕತ್ತರಿಸಿ, "ಇದು ಯಾರಿಗೆ?" ಅಂದರು.

"ಸೋಲಾಂಜ್ ಅಮ್ಮನಿಗೆ" ಅಂದುಬಿಟ್ಟೆ, ಹಳೇ ಅಭ್ಯಾಸ.

ನೀವು ತೀರಿಹೋಗಿ ನಾಲ್ಕು ತಿಂಗಳಾಯಿತು. ಮುಖ ತೋರಿಸಲಾಗದೆ ಅಲ್ಲೇ ಕೂತುಬಿಟ್ಟೆ.

"ಇರ್ಲಿ ಬಿಡು," ಅಂದರು ಯಜಮಾನರು. "ಹೋದ ವರ್ಷ ಬರ್ತೀನಿ ಅಂದು ನೀನು ಬರ್ಲಿಲ್ವಲ್ಲ, ಆಗ ಅವಳೇ ಆ ಮಂಡಿನೋವಲ್ಲಿ ಕೆಳಗೆ ನುಗ್ಗಿದ್ಲು. ಮೊದಲನೇ ತುಂಡಿಗೇ 'ರಾಲಿತ್ಸಾಗೆ' ಅಂತ ಕೂಗಿದ್ಲು."